ಫ್ಲಾಸ್ಕ್ ಆ್ಯಪ್ 4,200 ಲೈನ್ ಆಗಿದೆ, ಒಡೆಯೋದು ಎಲ್ಲಿಂದ?

ಅಡಿಕೆಚೀಲ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೈಬೇಡಿ. ಎರಡೂವರೆ ವರ್ಷದ ಹಿಂದೆ ನಮ್ಮೂರ ಕಡೆ ಒಂದು ಅಡಿಕೆ ಮಂಡಿಗೆ ಫ್ಲಾಸ್ಕ್‌ನಲ್ಲಿ (ಪೈಥಾನಲ್ಲಿ ವೆಬ್ ಆ್ಯಪ್ ಕಟ್ಟೋ ಫ್ರೇಮ್‌ವರ್ಕ್) ಚಿಕ್ಕದೊಂದು ಆ್ಯಪ್ ಮಾಡ್ಕೊಟ್ಟಿದ್ದೆ. ರೈತರು ತಂದಿದ್ದು ಎಷ್ಟು ಚೀಲ, ತೂಕ ಎಷ್ಟು, ಅಡಿಕೆ ಯಾವ ಥರದ್ದು, ರಾಶಿನೋ ಬೆಟ್ಟೆನೋ ಗೊರಬಲೋ ಅಂತ ಬರ್ಕೊಳ್ಳೋದು, ಅಷ್ಟೇ. ಆ್ಯಪ್.ಪೈ ಅಂತ ಒಂದೇ ಫೈಲು, 300 ಲೈನು, ನನಗೇ ಹೆಮ್ಮೆ. ಆಮೇಲೆ ಬಿಲ್ ಬೇಕು ಅಂದ್ರು, ಮುಂಗಡದ ಲೆಕ್ಕ ಬೇಕು ಅಂದ್ರು, ರೈತರಿಗೆ ಎಸ್ಸೆಮ್ಮೆಸ್ ಹೋಗ್ಬೇಕು ಅಂದ್ರು, ನಾನೂ ಕೆಳಗೆ ಕೆಳಗೆ ಸೇರಿಸ್ತಾ ಹೋದೆ, ಈಗ ಅದೇ ಫೈಲು 4,200 ಲೈನ್ ಆಗಿ ಕೂತಿದೆ, ಏನಾದ್ರೂ ಹುಡುಕ್ಬೇಕು ಅಂದ್ರೆ ಕಂಟ್ರೋಲ್ ಎಫ್ಫೇ ಗತಿ.

ಹೋದ ವಾರ ಧೈರ್ಯ ಮಾಡಿ ಡೇಟಾಬೇಸ್ ಟೇಬಲ್‌ಗಳ ಕೋಡನ್ನೆಲ್ಲ (ಮಾಡೆಲ್ಸ್ ಅಂತಾರೆ) ಮಾಡೆಲ್ಸ್.ಪೈ ಅಂತ ಬೇರೆ ತೆಗೆದೆ. ತಕ್ಷಣ ಇಂಪೋರ್ಟ್ ಎರರ್. ಆ್ಯಪ್‌ಗೆ ಮಾಡೆಲ್ಸ್ ಬೇಕು, ಮಾಡೆಲ್ಸ್‌ಗೆ ಆ್ಯಪ್ ಒಳಗಿರೋ ಡಿಬಿ (ಡೇಟಾಬೇಸ್ ಜೋಡಿಸೋ ಆಬ್ಜೆಕ್ಟ್) ಬೇಕು, ನೀ ಮೊದ್ಲು ನಾ ಮೊದ್ಲು ಅಂತ ಎರಡೂ ಬಾಗಿಲಲ್ಲೇ ನಿಂತಿವೆ. ಇಂಪೋರ್ಟ್ ಲೈನನ್ನ ಫೈಲಿನ ಕೊನೆಗೆ ಹಾಕಿದ್ರೆ ಓಡುತ್ತೆ, ಆದ್ರೆ ಇದು ಸರಿ ಅಲ್ಲ ಅಂತ ಒಳಗೆ ಅನ್ಸುತ್ತೆ. ಫ್ಲಾಸ್ಕ್ ಚಿಕ್ಕದಕ್ಕೆ ಮಾತ್ರ, ದೊಡ್ಡದಕ್ಕೆ ಬೇರೆ ನೋಡ್ಕೋ ಅಂತಾನೆ ಫ್ರೆಂಡು. ನಿಜಾನಾ?

ಬೆಣ್ಣೆದೋಸೆ_ದೇವ್

ಪೈಥಾನಿನ ಇನ್ನೊಂದು ದೊಡ್ಡ ಫ್ರೇಮ್‌ವರ್ಕ್ ಇದೆಯಲ್ಲ, ಜ್ಯಾಂಗೋ, ಅದಕ್ಕೆ ಬಂದ್ಬಿಡಿ ಗುರು. ಅಡ್ಮಿನ್, ಲಾಗಿನ್, ಮೈಗ್ರೇಷನ್ (ಕೋಡಲ್ಲಿ ಮಾಡಿದ ಟೇಬಲ್ ಬದಲಾವಣೆನ ಡೇಟಾಬೇಸ್‌ಗೆ ಹಾಕೋದು) ಎಲ್ಲ ಒಳಗೇ ಇದೆ, ಯಾವ ಫೈಲ್ ಎಲ್ಲಿ ಇಡೋದು ಅಂತ ತಲೆ ಕೆಡಿಸ್ಕೊಳ್ಳೋದೇ ಬೇಡ. ನಾಲ್ಕು ಸಾವಿರ ಲೈನ್ ಏನು ಮಹಾ, ಒಂದು ತಿಂಗಳ ಕೆಲಸ.

ಸಂಜೆಮಳೆ

ಒಂದು ತಿಂಗಳು ಅಂದವರು ಯಾರೂ ಒಂದು ತಿಂಗಳಲ್ಲಿ ಮುಗಿಸಿದ್ದು ನಾನು ನೋಡಿಲ್ಲ 🙂 ಓಡ್ತಿರೋ ಮಂಡಿ ಅದು, ಸೀಸನ್ನಲ್ಲಿ ಬಿಲ್ ನಿಂತ್ರೆ ರೈತರು ಮನೆ ಹತ್ರ ಬರ್ತಾರೆ. ಹೊಸದಾಗಿ ಶುರು ಮಾಡೋದಾಗಿದ್ರೆ ಜ್ಯಾಂಗೋ ಅಂತ ನಾನೂ ಹೇಳ್ತಿದ್ದೆ, ಈಗ ಬೇಡ.

ನಿಮ್ಮ ಫ್ರೆಂಡ್ ಹೇಳಿದ್ದು ಅರ್ಧ ಸರಿ. ಫ್ಲಾಸ್ಕ್ ಹುಟ್ಟಿದ್ದೇ ತಮಾಷೆಯಿಂದ, 2010ರ ಏಪ್ರಿಲ್ 1ಕ್ಕೆ ಫ್ಲಾಸ್ಕ್ ಬರೆದ ಆರ್ಮಿನ್ ರೋನಾಖರ್ ಒಂದೇ ಫೈಲಿನ ಫ್ರೇಮ್‌ವರ್ಕ್ ಅಂತ ಒಂದು ಬಿಟ್ರು, ಜನ ಅದನ್ನ ಸೀರಿಯಸ್ಸಾಗೇ ತಗೊಂಡ್ರು. ಆದ್ರೆ ಫ್ಲಾಸ್ಕನ್ನ ಮೈಕ್ರೋಫ್ರೇಮ್‌ವರ್ಕ್ ಅಂತಾರಲ್ಲ, ಆ ಮೈಕ್ರೋ ಅಂದ್ರೆ ನಿಮ್ಮ ಆ್ಯಪ್ ಒಂದೇ ಫೈಲಲ್ಲಿ ಇರ್ಬೇಕು ಅಂತ ಅರ್ಥ ಅಲ್ಲ, ಅವರ ಡಾಕ್ಯುಮೆಂಟೇಷನ್ನಲ್ಲೇ ಹಾಗೆ ಬರ್ದಿದ್ದಾರೆ. ಒಡೆಯೋಕೆ ಅಂತಾನೇ 2011ರಲ್ಲಿ 0.7 ವರ್ಷನ್ನಲ್ಲಿ ಬ್ಲೂಪ್ರಿಂಟ್ ತಂದ್ರು, ಅಂದ್ರೆ ಆ್ಯಪಿನ ಒಂದೊಂದು ಭಾಗನ ಬೇರೆ ಬರೆದು ಆಮೇಲೆ ಜೋಡಿಸೋದು. ಫ್ಲಾಸ್ಕ್ ಎಲ್ಲಿ ಒಡೀಬೇಕು ಅಂತ ಹೇಳಲ್ಲ, ಅದೇ ಕಷ್ಟ.

ಮೊದ್ಲು ನಿಮ್ಮ ಎರರ್. ಎಕ್ಸ್‌ಟೆನ್ಷನ್ಸ್.ಪೈ ಅಂತ ಒಂದು ಪುಟ್ಟ ಫೈಲ್ ಮಾಡಿ, ಅದ್ರಲ್ಲಿ ಡಿಬಿ ಆಬ್ಜೆಕ್ಟನ್ನ ಖಾಲಿಯಾಗಿ ಹುಟ್ಟಿಸಿ, ಆ್ಯಪ್ ಅಂತ ಒಂದಿದೆ ಅನ್ನೋದೇ ಅದಕ್ಕೆ ಗೊತ್ತಿರಬಾರ್ದು. ಮಾಡೆಲ್ಸ್ ಅಲ್ಲಿಂದ ಡಿಬಿ ತಗೊಳ್ಳಲಿ. ಆ್ಯಪ್ ಹುಟ್ಟಿಸೋದನ್ನ ಕ್ರಿಯೇಟ್_ಆ್ಯಪ್ ಅನ್ನೋ ಫಂಕ್ಷನ್ ಒಳಗೆ ಹಾಕಿ, ಅದ್ರೊಳಗೆ ಡಿಬಿ.ಇನಿಟ್_ಆ್ಯಪ್ ಕರೀರಿ, ಬ್ಲೂಪ್ರಿಂಟ್‌ಗಳನ್ನ ರಿಜಿಸ್ಟರ್ ಮಾಡಿ. ಇಷ್ಟು ಮಾಡಿದ್ರೆ ಸುತ್ತು ಬಿಚ್ಕೊಳ್ಳುತ್ತೆ, ಯಾಕಂದ್ರೆ ಈಗ ಯಾರೂ ಆ್ಯಪನ್ನ ಇಂಪೋರ್ಟ್ ಮಾಡ್ತಾ ಇಲ್ಲ. ಟೆಸ್ಟ್‌ಗೆ ಬೇರೆ ಡೇಟಾಬೇಸ್ ಕೊಟ್ಟು ಇನ್ನೊಂದು ಆ್ಯಪ್ ಎಬ್ಬಿಸ್ಕೋಬಹುದು, ಅದು ಬೋನಸ್ಸು.

ಇನ್ನು ಒಡೆಯೋದು. ಎಲ್ರೂ ಮಾಡೋ ತಪ್ಪು ಏನಂದ್ರೆ ರೂಟ್ಸ್‌ಗೆ (ಯಾವ ಯುಆರ್‌ಎಲ್‌ಗೆ ಯಾವ ಕೋಡ್ ಓಡ್ಬೇಕು ಅನ್ನೋದು) ಒಂದು ಫೋಲ್ಡರ್, ಮಾಡೆಲ್ಸ್‌ಗೆ ಒಂದು, ಫಾರ್ಮ್ಸ್‌ಗೆ ಒಂದು ಅಂತ ಇಡೋದು. ನೋಡೋಕೆ ನೀಟು, ಆದ್ರೆ ಬಿಲ್ಲಿಗೆ ಒಂದು ಕಾಲಂ ಸೇರಿಸ್ಬೇಕು ಅಂದ್ರೆ ಐದು ಫೋಲ್ಡರ್ ಅಲೀಬೇಕು. ಮಂಡಿಯಲ್ಲಿ ಯಾರು ಯಾವ ಟೇಬಲ್ಲಲ್ಲಿ ಕೂರ್ತಾರೆ ನೋಡಿ, ತಕ್ಕಡಿ ಹತ್ರ ಒಬ್ರು, ಬಿಲ್ ಬರೆಯೋರು ಒಬ್ರು, ಮುಂಗಡದ ಖಾತೆ ನೋಡೋರು ಒಬ್ರು. ಹಾಗೇ ಒಡೀರಿ. ತೂಕ, ಬಿಲ್, ಮುಂಗಡ, ಒಂದೊಂದಕ್ಕೂ ಅದರದ್ದೇ ಫೋಲ್ಡರ್, ಅದರೊಳಗೇ ಅದರ ರೂಟ್ಸ್, ಮಾಡೆಲ್ಸ್, ಟೆಂಪ್ಲೇಟ್ಸ್ (ಪೇಜಿನ ಎಚ್‌ಟಿಎಂಎಲ್).

ಮತ್ತೆ ಎಲ್ಲ ಒಂದೇ ಸಲ ಮಾಡ್ಬೇಡಿ ಪ್ಲೀಸ್. ಮೊದ್ಲು ತೂಕ ಒಂದೇ ಎತ್ತಿಡಿ, ಒಂದು ವಾರ ಓಡಲಿ.

ಗ್ರೆಪ್_ಗೌಡ

ಸಂಜೆಮಳೆ ಹೇಳಿದ್ದು ಸರಿ, ಎರಡು ಕಡೆ ನಾನು ಮೂಗು ಜಜ್ಜಿಸ್ಕೊಂಡಿದ್ದೀನಿ, ಅದನ್ನ ಹೇಳ್ತೀನಿ.

ಒಂದು ಟೆಂಪ್ಲೇಟು. ತೂಕದ ಫೋಲ್ಡರಲ್ಲೂ ಲಿಸ್ಟ್.ಎಚ್‌ಟಿಎಂಎಲ್ ಇಟ್ಟು ಬಿಲ್ ಫೋಲ್ಡರಲ್ಲೂ ಅದೇ ಹೆಸರು ಇಟ್ರೆ ಫ್ಲಾಸ್ಕ್‌ಗೆ ಯಾವ ಬ್ಲೂಪ್ರಿಂಟ್ ಕೇಳ್ತಿದೆ ಅನ್ನೋದು ಲೆಕ್ಕಕ್ಕೇ ಇಲ್ಲ, ಮೊದ್ಲು ಯಾವುದು ಸಿಗುತ್ತೋ ಅದನ್ನ ಕೊಡುತ್ತೆ. ಎರರ್ರೂ ಬರಲ್ಲ, ಬಿಲ್ ಲಿಂಕ್ ಒತ್ತಿದ್ರೆ ತಣ್ಣಗೆ ತೂಕದ ಪೇಜ್ ಬರುತ್ತೆ. ಅದಕ್ಕೇ ಟೆಂಪ್ಲೇಟ್ಸ್ ಒಳಗೆ ಮತ್ತೆ ಬಿಲ್ ಅಂತ ಒಂದು ಫೋಲ್ಡರ್ ಮಾಡಿ ಅದರೊಳಗೆ ಇಡಿ. ಪೆದ್ದುಪೆದ್ದಾಗಿ ಕಾಣುತ್ತೆ, ಆದ್ರೂ ಇಡಿ.

ಇನ್ನೊಂದು ಯುಆರ್‌ಎಲ್_ಫಾರ್, ರೂಟಿನ ಹೆಸರು ಕೊಟ್ರೆ ಲಿಂಕ್ ಮಾಡ್ಕೊಡೋ ಫಂಕ್ಷನ್. ಇಷ್ಟು ದಿನ ಲಿಸ್ಟ್ ಅಂತಿದ್ದಿದ್ದು ಈಗ ಬಿಲ್.ಲಿಸ್ಟ್ ಆಗುತ್ತೆ. ಹಳೇ ಹೆಸರು ಯಾವುದೋ ಟೆಂಪ್ಲೇಟಲ್ಲಿ ಉಳ್ಕೊಂಡಿದ್ರೆ ಸರ್ವರ್ ಎದ್ದೇಳೋವಾಗ ಏನೂ ಹೇಳಲ್ಲ, ಆ ಪೇಜ್ ಯಾರಾದ್ರೂ ತೆಗೆದಾಗ ಬಿಲ್ಡ್ ಎರರ್. ಸೋ ಗ್ರೆಪ್ (ಎಲ್ಲ ಫೈಲಲ್ಲೂ ಪದ ಹುಡುಕೋ ಕಮ್ಯಾಂಡ್) ಹಾಕಿ ಒಂದೊಂದೇ ನೋಡಿ. ಹಾಂ, ಬ್ಲೂಪ್ರಿಂಟ್ ಒಳಗೆ ಬರೆದ 404 ಹ್ಯಾಂಡ್ಲರ್ ಇಲ್ಲದಿರೋ ಯುಆರ್‌ಎಲ್‌ಗೆ ಕೆಲ್ಸ ಮಾಡಲ್ಲ, ಅದನ್ನ ಆ್ಯಪ್ ಮೇಲೇ ಹಾಕ್ಬೇಕು.

ಅಡಿಕೆಚೀಲ

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಭಾನುವಾರ ಪೂರ್ತಿ ಕೂತು ತೂಕ ಎತ್ತಿಟ್ಟೆ, ಓಡ್ತಿದೆ. ಆದ್ರೆ ಎರಡು ಆಯ್ತು. ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಸ್ಕ್ರಿಪ್ಟ್ ತಾನೇ ಓಡಿಸೋದು) ಎಸ್ಸೆಮ್ಮೆಸ್ ಕಳಿಸೋ ಸ್ಕ್ರಿಪ್ಟ್ "ವರ್ಕಿಂಗ್ ಔಟ್‌ಸೈಡ್ ಆಫ್ ಅಪ್ಲಿಕೇಷನ್ ಕಾಂಟೆಕ್ಸ್ಟ್" ಅಂತ ಬಿದ್ಹೋಯ್ತು. ಅದಕ್ಕಿಂತ ಭಯ ಆಗಿದ್ದು ಏನಂದ್ರೆ ತೂಕದ ಟೇಬಲ್ಲಿಗೆ ಒಂದೇ ಒಂದು ಕಾಲಂ ಸೇರಿಸಿ ಫ್ಲಾಸ್ಕ್-ಮೈಗ್ರೇಟ್ ಓಡಿಸಿದ್ರೆ, ಅದು ಬರ್ಕೊಟ್ಟ ಫೈಲಲ್ಲಿ ಮುಂಗಡದ ಟೇಬಲ್ಲನ್ನ ಡ್ರಾಪ್ ಮಾಡು ಅಂತ ಇದೆ!! ಅಪ್‌ಗ್ರೇಡ್ ಒತ್ತೋ ಮೊದ್ಲು ಯಾಕೋ ತೆಗೆದು ನೋಡಿದೆ, ಕೈ ನಡುಗ್ತಿತ್ತು.

ಸಂಜೆಮಳೆ

ಅಬ್ಬಾ, ನೋಡಿದ್ರಲ್ಲ, ಬಚಾವ್. ಮುಂಗಡದ ಮಾಡೆಲ್ ಇರೋ ಫೈಲನ್ನ ಈಗ ಯಾರೂ ಇಂಪೋರ್ಟ್ ಮಾಡ್ತಿಲ್ಲ ಅನ್ಸುತ್ತೆ. ಡೇಟಾಬೇಸಲ್ಲಿ ಟೇಬಲ್ ಇದೆ, ಕೋಡಲ್ಲಿ ಕಾಣ್ತಿಲ್ಲ, ಹಾಗಾದ್ರೆ ಇವ್ರಿಗೆ ಬೇಡ ಅಂತ ಅದು ತೀರ್ಮಾನ ಮಾಡುತ್ತೆ. ಕ್ರಿಯೇಟ್_ಆ್ಯಪ್ ಒಳಗೆ ಎಲ್ಲ ಮಾಡೆಲ್ಸನ್ನೂ ಇಂಪೋರ್ಟ್ ಮಾಡಿ, ಆ ಮೈಗ್ರೇಷನ್ ಫೈಲ್ ಡಿಲೀಟ್ ಮಾಡಿ ಮತ್ತೆ ಬರೆಸಿ.

ಕ್ರಾನ್ ಎರರ್ ಅಂದ್ರೆ ಸ್ಕ್ರಿಪ್ಟಿಗೆ ಯಾವ ಆ್ಯಪ್ ಅಂತ ಗೊತ್ತಿಲ್ಲ ಅಷ್ಟೇ. ಸ್ಕ್ರಿಪ್ಟಲ್ಲಿ ಕ್ರಿಯೇಟ್_ಆ್ಯಪ್ ಕರೆದು, ವಿತ್ ಆ್ಯಪ್.ಆ್ಯಪ್_ಕಾಂಟೆಕ್ಸ್ಟ್ ಅಂತ ಹಾಕಿ ಅದರೊಳಗೆ ಕೆಲಸ ಮಾಡ್ಸಿ. ಇಲ್ಲಾಂದ್ರೆ ಅದನ್ನೇ ಫ್ಲಾಸ್ಕ್ ಕಮ್ಯಾಂಡ್ ಮಾಡ್ಕೊಳ್ಳಿ, ಕಾಂಟೆಕ್ಸ್ಟ್ ಅದೇ ಕೊಡುತ್ತೆ.

ಮುಂದೆ ಬಿಲ್ ಎತ್ತೋವಾಗ ಒಂದು ಮಾತು. ಲೆಕ್ಕದ ಕೋಡನ್ನ ರೂಟ್ ಒಳಗೆ ಬಿಡ್ಬೇಡಿ. ತೂಕ, ದರ, ಹಮಾಲಿ ಕೊಟ್ರೆ ಮೊತ್ತ ಕೊಡೋ ಸಾದಾ ಪೈಥಾನ್ ಫಂಕ್ಷನ್ ಮಾಡಿ, ಅದ್ರಲ್ಲಿ ರಿಕ್ವೆಸ್ಟೂ ಇರಬಾರ್ದು, ಕರೆಂಟ್_ಆ್ಯಪೂ ಇರಬಾರ್ದು, ಅಂದ್ರೆ ಫ್ಲಾಸ್ಕಿನ ಸುದ್ದಿಯೇ ಬೇಡ. ಬಿಲ್ ಪೇಜು, ಪ್ರಿಂಟು, ಎಸ್ಸೆಮ್ಮೆಸ್ಸು ಎಲ್ಲವೂ ಅದನ್ನೇ ಕರೀಲಿ. ಮತ್ತೆ ದುಡ್ಡನ್ನ ಫ್ಲೋಟ್‌ನಲ್ಲಿ (ದಶಮಾಂಶನ ಅಂದಾಜಾಗಿ ಇಡೋ ಸಂಖ್ಯೆ) ಇಟ್ಟಿದ್ರೆ ನಾನು ಮಾತೇ ಆಡಲ್ಲ.

ಬೆಣ್ಣೆದೋಸೆ_ದೇವ್

ಜ್ಯಾಂಗೋದಲ್ಲಿ ಈ ಡ್ರಾಪ್ ಕಥೆ ಇಷ್ಟು ಸುಲಭಕ್ಕೆ ಆಗ್ತಿರ್ಲಿಲ್ಲ ಅಂತ ಮಾತ್ರ ಹೇಳಿ ಹೋಗ್ತೀನಿ 😄

ಅಡಿಕೆಚೀಲ

ಮೂರು ವಾರ ಆದ್ಮೇಲೆ ಬರೀತಿದ್ದೀನಿ. ಬಿಲ್ ಕೂಡ ಎತ್ತಿಟ್ಟೆ, ಆ್ಯಪ್.ಪೈ ಈಗ 900 ಲೈನಿಗೆ ಬಂದಿದೆ. ಲೆಕ್ಕನೆಲ್ಲ ಒಂದು ಕಡೆ ತರೋಣ ಅಂತ ಹುಡುಕಿದ್ರೆ ಬಿಲ್ ಮೊತ್ತ ಮೂರು ಕಡೆ ಮೂರು ಥರ ಬರ್ದಿದ್ದೀನಿ. ಪೇಜಲ್ಲಿ ಪೈಥಾನಿನ ರೌಂಡ್ ಹಾಕಿದ್ದೀನಿ, ಪ್ರಿಂಟಲ್ಲಿ ಅರ್ಧ ಕೂಡಿಸಿ ಇಂಟ್ ಮಾಡಿ ಪೈಸೆ ಕತ್ತರಿಸಿದ್ದೀನಿ, ಎಸ್ಸೆಮ್ಮೆಸ್ಸಲ್ಲಿ ಪೈಸೆ ಸಮೇತ ಕಳಿಸ್ತಿದ್ದೀನಿ. ಸರಿಯಾಗಿ ಐವತ್ತು ಪೈಸೆ ಬಂದಾಗ ರೌಂಡ್ ಸಮಸಂಖ್ಯೆ ಕಡೆ ಹೋಗುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ, 2.5 ಕೊಟ್ರೆ 2 ಅನ್ನುತ್ತೆ, ಪ್ರಿಂಟಲ್ಲಿ 3 ಬರುತ್ತೆ.

ಮಂಡಿ ಗುಮಾಸ್ತರು ಹೋದ ವರ್ಷದಿಂದ ಒಂದ್ರೂಪಾಯಿ ಎಲ್ಲಿ ಹೋಗ್ತಿದೆ ಅಂತ ಕೇಳ್ತಾನೇ ಇದ್ರು, ನೀವೇ ಕೂಡೋವಾಗ ತಪ್ಪಿರ್ಬೇಕು ಸರ್ ಅಂತ ನಾನೇ ಹೇಳ್ಕೊಂಡು ಬಂದಿದ್ದೆ. ನಾಳೆ ಹೋಗಿ ಮುಖ ತೋರಿಸ್ಬೇಕು.