ಡಿವೋರ್ಸ್ ಆಗಿ ಮೂರು ವರ್ಷ ಆಯ್ತು, ಹಿಂದಿನ ಜೀವನಾಂಶನೂ ಸೇರಿಸಿ ಕೇಳಬಹುದಾ?

ಮ್ಯೂಚುವಲ್ ಆಗಿ ಡಿವೋರ್ಸ್ ಆಯ್ತು. ಆಗ ಸಾಕಾಗ್ಹೋಗಿತ್ತು, ಬಿಡುಗಡೆ ಸಿಕ್ರೆ ಸಾಕು ಅಂತ ಏನೂ ಕೇಳ್ಲಿಲ್ಲ. ಈಗ ಕೆಲ್ಸ ಹೋಗಿದೆ, ಮತ್ತೆ ಮದ್ವೆ ಆಗಿಲ್ಲ. ಮೂರು ವರ್ಷದ್ದೂ ಸಿಗುತ್ತಾ? ಅನುಭವ ಇದ್ದೋರು ಹೇಳಿ.

– ಅಕ್ಕಾ, ನಾನೂ ಇದೇ ದಾರಿ ತುಳಿದವಳು. ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 25ರಲ್ಲಿ ಡಿಕ್ರಿ (ಡಿವೋರ್ಸ್ ತೀರ್ಪು) ಟೈಮಲ್ಲೋ ಆಮೇಲೆ ಯಾವಾಗ್ಲಾದ್ರೂನೋ ಅರ್ಜಿ ಹಾಕ್ಬಹುದು ಅಂತಿದೆ, ಹಳೇ ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125, ಅಂದ್ರೆ ಈಗಿನ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 144ರಲ್ಲೂ ಮರುಮದುವೆ ಆಗದ ವಿಚ್ಛೇದಿತೆಗೆ ಜಾಗ ಇದೆ, ಆದ್ರೆ ಆ ಮೂರು ವರ್ಷದ ಆಸೆ ಬಿಟ್ಬಿಡಿ. 2020ರ ರಜನೇಶ್–ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿರೋದು ಅರ್ಜಿ ಹಾಕಿದ ದಿನದಿಂದ ಜೀವನಾಂಶ ಅಂತ. ನಾನು ಇವತ್ತು ನಾಳೆ ಅಂತ ಎಂಟು ತಿಂಗಳು ತಳ್ಳಿದೆ, ಅದು ಹೋದದ್ದು ಹೋಯ್ತು. ಹಾಕಿದ್ಮೇಲೆ ಕೇಸು ಎರಡು ವರ್ಷ ಎಳೀತು, ಅಷ್ಟೂ ತಿಂಗಳಿಂದು ಲೆಕ್ಕಕ್ಕೆ ಬಂತು. ಮಧ್ಯಂತರ ಜೀವನಾಂಶಕ್ಕೂ (ಕೇಸು ಮುಗಿಯೋವರೆಗೆ ಸಿಗೋದು) ಜೊತೇಲೇ ಅರ್ಜಿ ಕೊಡಿ.

– ಮ್ಯೂಚುವಲ್ ಅಂದ್ರಲ್ಲ, ಮೊದ್ಲು ಆ ಕಾಗದ ತೆಗೆದು ಓದಿ. "ಮುಂದೆ ಏನೂ ಕೇಳಲ್ಲ" ಅಂತ ಸಾಲು ಇದ್ರೆ ಎದುರು ಲಾಯರ್ ಹಿಡ್ಕೊಳ್ಳೋದೇ ಅದನ್ನ.

– ಆರ್ಡರ್ ಆಯ್ತು ಅಂತ ಸುಮ್ನೆ ಕೂರ್ಬೇಡಿ. 125/144ರಲ್ಲಿ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ರೆ ವಸೂಲಿಗೆ ವಾರಂಟ್ ಹೊರಡಿಸಲ್ಲ. ನನ್ನ ತಂಗಿ, ಪಾಪ, ಅವ್ನು ಕೊಟ್ಟೇ ಕೊಡ್ತಾನೆ ಅಂತ ಹದ್ನಾಲ್ಕು ತಿಂಗಳು ಕಾದ್ಲು. ಲಾಯರ್ ಪಾಸ್‌ಬುಕ್ ನೋಡಿ ಮೊದಲ ಎರಡು ತಿಂಗಳ ಮೇಲೆ ಪೆನ್ಸಿಲಲ್ಲಿ ಗೀಟು ಎಳೆದ್ರು, ಇವೆರಡು ಈ ದಾರೀಲಿ ಬರಲ್ಲಮ್ಮ ಅಂತ.

– ನಾನು ಕೊಡೋ ಕಡೆಯವನು, ಬೈಬೇಡಿ. ಇಬ್ರೂ ಆಸ್ತಿ, ಆದಾಯ, ಸಾಲ ಎಲ್ಲಾ ಅಫಿಡವಿಟ್‌ನಲ್ಲಿ ಬರೀಬೇಕು, ಮುಚ್ಚಿಟ್ರೆ ಅವರಿಗೇ ತಿರುಗುತ್ತೆ. ಬೇರೆ ಕೇಸಲ್ಲಿ ಏನಾದ್ರೂ ಸಿಗ್ತಿದ್ರೆ ಅದನ್ನೂ ಹೇಳ್ಬೇಕು, ಕೋರ್ಟ್ ಹೊಂದಾಣಿಕೆ ಮಾಡುತ್ತೆ. ನಾನು ಕೈಯಲ್ಲಿ ಕೊಟ್ಟಿದ್ದಕ್ಕೆ ಸಾಕ್ಷಿ ಇಲ್ದೆ ಮತ್ತೆ ಕಟ್ಟಿದೆ, ಹಾಗಾಗಿ ಏನಿದ್ರೂ ಬ್ಯಾಂಕಲ್ಲೇ ಇಸ್ಕೊಳ್ಳಿ, ಇಬ್ರಿಗೂ ಒಳ್ಳೇದು.

– ಕೇಳಿದ್ದು ನಾನೇ. ಬೀರು ಮೇಲಿನ ಸೂಟ್‌ಕೇಸಲ್ಲಿ ಕಾಗದ ಸಿಕ್ತು. ಆರನೇ ಪುಟದಲ್ಲಿ "ಸದ್ಯ ಜೀವನಾಂಶ ಕೋರಿರುವುದಿಲ್ಲ" ಅಂತಷ್ಟೇ ಇದೆ, ಬೇಡ ಅಂತ ಎಲ್ಲೂ ಇಲ್ಲ. ಸೋಮವಾರ ಲಾಯರ್ ಹತ್ರ ಹೋಗ್ತಿದೀನಿ.