ಲಸಿಕೆ ಹಕ್ಕಾ, ಇಲ್ಲ ಸಿಗ್ನಲ್ ಇದ್ದವರ ಅದೃಷ್ಟನಾ?

ತೋಟದಮನೆ, ಪೊನ್ನಂಪೇಟೆ: 2021ರ ಮೇ ನೆನಪಿದೆಯಾ? 18ರಿಂದ 44 ವರ್ಷದವರು ಕೋವಿನ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಬುಕ್ ಮಾಡಿದರೆ ಮಾತ್ರ ಕೊರೊನಾ ಲಸಿಕೆ. ಒಂದು ಮೊಬೈಲ್ ನಂಬರಿಗೆ ನಾಲ್ಕೇ ಹೆಸರು. ನಾನು ಗೇಟ್ ಹತ್ತಿರದ ಬಂಡೆ ಹತ್ತಿ, ಇರೋ ಒಂದು ಕಡ್ಡಿ ಸಿಗ್ನಲ್‌ನಲ್ಲಿ ನಮ್ಮ ತೋಟದ ಕೂಲಿಯವರ, ಅಂದ್ರೆ ಲೈನ್ ಮನೆಯವರ ಹೆಸರು ಸೇರಿಸುತ್ತಿದ್ದೆ, ಓಟಿಪಿ ಬರುವಷ್ಟರಲ್ಲಿ ಸ್ಲಾಟ್ ಖಾಲಿ. ಆಮೇಲೆ ನೋಡಿದರೆ ಬೆಂಗಳೂರಿನವರು ಕಾರಲ್ಲಿ ಬಂದು ಹಾಕಿಸಿಕೊಂಡು ಹೋಗಿದ್ದಾರೆ. ಅವರದು ತಪ್ಪು ಅಂತಲ್ಲ. ಆದರೆ ಇದನ್ನ ಹಕ್ಕು ಅನ್ನೋದು ಹೇಗೆ?

ಮಳೆಹನಿ: ಸುಪ್ರೀಂ ಕೋರ್ಟ್ ಕೂಡ ಅದೇ ತಿಂಗಳು ಇದನ್ನೇ ಕೇಳಿತ್ತು, ಇಂಟರ್ನೆಟ್ ಇಲ್ಲದವರು ಏನು ಮಾಡಬೇಕು ಅಂತ. ಜೂನ್ 21ರಿಂದ ಕೇಂದ್ರವೇ ಕೊಂಡು ರಾಜ್ಯಗಳಿಗೆ ಪುಕ್ಕಟೆ ಕೊಟ್ಟಿತು. ಬುಕ್ ಮಾಡದೆ ನೇರ ಹೋದರೂ ಆಯ್ತು.

ಸೋಮವಾರಪೇಟೆ ಅಕ್ಕ: ನಾನು ಆಶಾ ಕಾರ್ಯಕರ್ತೆ. ಆದಿವಾಸಿಗಳ ಹಾಡಿಯಲ್ಲಿ ಸ್ಲಾಟ್ ವಿಷಯವೇ ಬರಲಿಲ್ಲ. ಒಬ್ಬ ಅಜ್ಜಿ ಕೇಳಿದ್ದು, 'ಸೂಜಿ ಚುಚ್ಚಿಸಿ ಜ್ವರ ಬಂದ್ರೆ ಎರಡು ದಿನದ ಕೂಲಿ ನೀನು ಕೊಡ್ತೀಯಾ?' ಸುಮ್ನೆ ನಿಂತೆ.

ಕಾಡುದಾರಿ: ದೇಶಗಳ ನಡುವೆಯೂ ಇದೇ ಕಥೆ. ಬೇರೆಯವರೂ ತಯಾರಿಸೋ ಹಾಗೆ ಲಸಿಕೆಯ ಪೇಟೆಂಟ್ ಸಡಿಲಿಸಿ ಅಂತ ಭಾರತ, ದಕ್ಷಿಣ ಆಫ್ರಿಕಾ ಕೇಳಿದ್ದು 2020ರ ಅಕ್ಟೋಬರಲ್ಲಿ. ವಿಶ್ವ ವ್ಯಾಪಾರ ಸಂಸ್ಥೆ ಒಪ್ಪಿದ್ದು 2022ರ ಜೂನಲ್ಲಿ, ಅದೂ ಅರ್ಧಂಬರ್ಧ.

ತೋಟದಮನೆ, ಪೊನ್ನಂಪೇಟೆ: ಅಕ್ಕಾ, ಕೂಲಿ ಮಾತು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲೂ ಆ ದಿನದ ಹಾಜರಿ ಹಾಕಿರಲಿಲ್ಲ.