ಮಾಹೂರಿಗೆ ಹೋಗುವಾಗ ಉನಕೇಶ್ವರದ ಬಿಸಿನೀರಿನ ಸ್ನಾನ: ಸಕ್ಕರೆ ಕಾಯಿಲೆ ಇರುವವರು ಇಳಿಯಬಹುದೇ?

ಪ್ರಶ್ನೆ (ಔರಾದ್, ಬೀದರ್ ಜಿಲ್ಲೆ):
ಎಲ್ಲರಿಗೂ ನಮಸ್ಕಾರ. ರೇಣುಕಾದೇವಿಯ ದರ್ಶನಕ್ಕೆಂದು ಮಹಾರಾಷ್ಟ್ರದ ಮಾಹೂರಿಗೆ ಹೊರಟಿದ್ದೇವೆ. ಅದೇ ನಾಂದೇಡ್ ಜಿಲ್ಲೆಯ ಕಿನವಟ್ ತಾಲ್ಲೂಕಿನ ಉನಕೇಶ್ವರ ಎಂಬ ಹಳ್ಳಿಯ ಬಿಸಿನೀರಿನಲ್ಲಿ ಮಿಂದರೆ ಚರ್ಮರೋಗವೂ ಕೀಲುನೋವೂ ಹೋಗುತ್ತವೆ ಎಂದು ಹಿರಿಯರಿಂದ ಕೇಳಿದ ನಮ್ಮ ತಾಯಿ, ಅಲ್ಲಿಗೂ ಕರೆದೊಯ್ಯಬೇಕೆಂದು ಹಟ ಹಿಡಿದಿದ್ದಾರೆ. ಅರವತ್ತು ದಾಟಿದ ಅವರಿಗೆ ಮೊಣಕಾಲು ನೋವಿನ ಜೊತೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ನೀರಿಗೆ ಇಳಿಸಬಹುದೇ? ನಮ್ಮ ಬೀದರಿನ ಗುರುದ್ವಾರದ ನಾನಕ್ ಝರಾ ಬುಗ್ಗೆಯ ನೀರು ತಣ್ಣಗಿರುವಾಗ ಅಲ್ಲಿಯದು ಬಿಸಿಯಾಗುವುದು ಹೇಗೆ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ 1 (ಬೀದರ್):
ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬೀದರಿನ ಕೆಂಪು ಕಲ್ಲು ತೂತುತೂತಾಗಿರುವುದರಿಂದ ಮಳೆನೀರು ಅದರಲ್ಲಿ ಇಂಗಿ, ಹೆಚ್ಚು ಆಳಕ್ಕೆ ಹೋಗದೆ ಗುಡ್ಡದ ಬದಿಯಲ್ಲಿ ಹೊರಬರುತ್ತದೆ. ಬಿಸಿನೀರಿನ ಬುಗ್ಗೆಗಳ ನೀರಾದರೋ ಬಂಡೆಯ ಬಿರುಕುಗಳಲ್ಲಿ ಬಹಳ ಕೆಳಗಿಳಿಯುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದಂತೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಹೆಚ್ಚುತ್ತದೆ. ಹಾಗೆ ಕಾದ ನೀರು ಮತ್ತೊಂದು ಬಿರುಕಿನಿಂದ ಬೇಗನೆ ಮೇಲೇರಿದರೆ ಆರುವ ಮೊದಲೇ ನಮ್ಮ ಕೈಗೆ ಸಿಗುತ್ತದೆ, ಇದಕ್ಕೆ ಜ್ವಾಲಾಮುಖಿಯೇ ಬೇಕೆಂದಿಲ್ಲ. ಗಂಧಕವಿರುವ ನೀರು ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಆದ್ದರಿಂದ ತಾಯಿಯವರ ಕಾಲುಂಗುರಗಳನ್ನು ಮೊದಲೇ ತೆಗೆದಿಡಿ.

ಉತ್ತರ 2 (ಕಲಬುರಗಿ, ಆಸ್ಪತ್ರೆಯ ಶುಶ್ರೂಷಕಿ):
ತಾಯಿಯವರ ಆಸೆಯನ್ನು ಅಲ್ಲಗಳೆಯಬೇಡಿ, ಆದರೆ ಹೊರಡುವ ಮೊದಲು ಅವರನ್ನು ನೋಡುವ ವೈದ್ಯರನ್ನು ಕೇಳಿ. ಬೆಚ್ಚಗಿನ ನೀರಿನಲ್ಲಿ ಸ್ನಾಯುಗಳು ಸಡಿಲಗೊಂಡು ನೋವು ಕೆಲಹೊತ್ತು ತಗ್ಗುವುದು ನಿಜ. ಸವೆದ ಕೀಲು ಅದರಿಂದ ಸರಿಹೋಗುವುದಿಲ್ಲವಾದ್ದರಿಂದ ಮಾತ್ರೆಗಳನ್ನು ಮಾತ್ರ ನಿಲ್ಲಿಸಬಾರದು. ನನಗೆ ಹೆಚ್ಚು ಆತಂಕವಿರುವುದು ಸಕ್ಕರೆ ಕಾಯಿಲೆಯ ಬಗ್ಗೆ. ಬಹಳ ವರ್ಷಗಳಿಂದ ಆ ಕಾಯಿಲೆ ಇದ್ದವರಲ್ಲಿ ಪಾದದ ನರಗಳು ಜಡವಾಗಿ, ಸುಡುವ ನೀರೂ ಉಗುರುಬೆಚ್ಚಗೆ ಅನ್ನಿಸಬಹುದು. ಹೀಗಾಗಿ ನೀರಿನ ಹದವನ್ನು ಅವರ ಪಾದವಲ್ಲ, ನಿಮ್ಮ ಮೊಣಕೈ ಹೇಳಬೇಕು. ಬೀದರಿನ ಗುಹಾ ದೇವಾಲಯವಾದ ನರಸಿಂಹ ಝರಣಿಯಲ್ಲಿ ಎದೆಮಟ್ಟದ ತಣ್ಣೀರಿನಲ್ಲಿ ನಡೆದು ರೂಢಿಯಿರುವವರು ಇಲ್ಲಿಯೂ ಹಾಗೆಯೇ ನಿಲ್ಲಲು ಹೋಗುತ್ತಾರೆ. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುವುದರಿಂದ, ಮೇಲೆದ್ದ ಕೂಡಲೇ ತಲೆಸುತ್ತಿ ಬೀಳುವ ಭಯವಿದೆ. ಐದು ನಿಮಿಷದಷ್ಟು ಹೊತ್ತು ಕೂರಿಸಿ, ಕೈಹಿಡಿದು ನಿಧಾನವಾಗಿ ಎಬ್ಬಿಸಿ, ನೀರು ಕುಡಿಸಿ. ಮೂಗಿನೊಳಗೆ ನೀರು ಹೋಗದಂತೆ ತಲೆ ಮುಳುಗಿಸದಿರುವುದು ಎಲ್ಲರಿಗೂ ಕ್ಷೇಮ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತಾಯಿಯ ಹಿಮ್ಮಡಿ ಬಿರುಕು ಬಿಟ್ಟು ಒಮ್ಮೊಮ್ಮೆ ರಕ್ತ ಬರುತ್ತದೆ. ಆದರೂ ಇಳಿಸಬಹುದೇ ಅಕ್ಕಾ?

ಉತ್ತರ 2:
ಬೇಡ. ಹಲವರು ಮೀಯುವ ನೀರಿನಿಂದ ಆ ಬಿರುಕಿಗೆ ಸೋಂಕು ತಗಲಿದರೆ ಸಕ್ಕರೆ ಕಾಯಿಲೆಯಲ್ಲಿ ಮಾಯುವುದು ಕಷ್ಟ. ಅವರನ್ನು ದಂಡೆಯ ಮೇಲೆ ಕೂರಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಹದ ನೋಡಿ ಮೊಣಕಾಲಿಗೆ ಸುತ್ತಿ. ಹಿಮ್ಮಡಿ ಒಣಗಿಯೇ ಇರಲಿ.